ಸಸಿಮಡಿಯ ಮಣ್ಣು ಮತ್ತು ರೋಗನಾಶಕ ಔಷಧಗಳಿಂದಾಗುವ ಹಾನಿ
ಮಾಗಡಿ ತಾಲ್ಲೂಕು ಕಲ್ಯದ ಸುತ್ತಣ ತರಕಾರಿ ಮತ್ತು ಹೂಸಸಿ ಬೆಳೆಗಾರರ ತಿಳಿವಳಿಕೆಗಾಗಿ

ಟೊಮೇಟೊ, ಮೆಣಸಿನಕಾಯಿ, ಬದನೆ, ಕೋಸು, ಚೆಂಡುಹೂ ಮುಂತಾದ ಬೆಳೆಗಳನ್ನು ಮೊದಲು ಒಟ್ಟಲು ಪಾತಿಯಲ್ಲಿ ಬಿತ್ತಿ, ಪೈರು ಬಲಿತ ಮೇಲೆ ಹೊಲಕ್ಕೆ ನಾಟಿಮಾಡುವುದು ನಮ್ಮ ಸೀಮೆಯ ವಾಡಿಕೆಯಾಗಿದೆ. ಬೆಂಗಳೂರು ಪಟ್ಟಣವು ಸಮೀಪದಲ್ಲಿರುವುದರಿಂದ ಮನೆಯಂಗಳದ ತೋಟಗಳಿಗೆ ಬೇಕಾದ ಹೂಸಸಿಗಳನ್ನು ಬೆಳೆಸಿ ಮಾರುವವರೂ ಈ ಭಾಗದಲ್ಲಿದ್ದಾರೆ. ಇವರೆಲ್ಲರಿಗೂ ಒಟ್ಟಲೇ ಮೂಲಧನ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಒಟ್ಟಲು ಕೆಟ್ಟರೆ ಬೀಜದ ಹಣವಷ್ಟೇ ಅಲ್ಲ, ನಾಟಿಯ ಹದವೂ ತಪ್ಪಿ ಒಂದು ಬೆಳೆಯೇ ಕೈಬಿಟ್ಟುಹೋಗುತ್ತದೆ.

ಪೈರು ಸಾಯುತ್ತಿರುವುದನ್ನು ಕಂಡ ಕೂಡಲೇ ಅಂಗಡಿಯಿಂದ ಔಷಧವನ್ನು ತಂದು ಪಾತಿಗೆ ಹೊಯ್ಯುವುದು ಈಗ ಎಲ್ಲೆಡೆಯೂ ರೂಢಿಯಲ್ಲಿದೆ. ಈ ಔಷಧಗಳು ತಕ್ಕ ರೀತಿಯಲ್ಲಿ ಉಪಯೋಗಿಸಿದರೆ ಉಪಕಾರಿಗಳೇ ಸರಿ. ಆದರೆ ಕೆಲವು ವೇಳೆ ಔಷಧ ಹೊಯ್ದ ಮೂರು ನಾಲ್ಕು ದಿನಗಳಲ್ಲಿ ಉಳಿದ ಪೈರೂ ಸೊರಗಿ, ಎಲೆಯ ಅಂಚು ಸುಟ್ಟು, ಬೆಳವಣಿಗೆ ನಿಂತುಹೋಗುವುದುಂಟು. ಆಗ ರೈತರು ಔಷಧವು ಕಲಬೆರಕೆಯೆಂದೋ ಬೀಜವು ಕಳಪೆಯೆಂದೋ ದೂರುತ್ತಾರೆ. ಅವು ಎರಡೂ ಆಗಿರಬಹುದು. ಆದರೆ ಅನೇಕ ವೇಳೆ ನಿಜವಾದ ಕಾರಣವು ಪಾತಿಯ ಮಣ್ಣಿನಲ್ಲಿಯೇ ಇರುತ್ತದೆ. ಒಂದೇ ಡಬ್ಬಿಯ ಔಷಧವನ್ನು ಒಂದೇ ಅಳತೆಯಲ್ಲಿ ಇಬ್ಬರು ರೈತರು ಹೊಯ್ದಾಗ, ಒಬ್ಬನ ಪೈರು ಉಳಿದು ಮತ್ತೊಬ್ಬನ ಪೈರು ಸುಡುವುದು ಹೇಗೆಂಬುದನ್ನೂ, ಅದನ್ನು ತಡೆಯುವ ಬಗೆಯನ್ನೂ ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

ರೋಗದ ಸ್ವರೂಪ

ಒಟ್ಟಲಿನಲ್ಲಿ ಪೈರು ಸಾಯುವ ರೋಗಕ್ಕೆ ಮಣ್ಣಿನಲ್ಲಿರುವ ಸೂಕ್ಷ್ಮವಾದ ಬೂಷ್ಟುಗಳು ಕಾರಣ. ಇವುಗಳಲ್ಲಿ ಪಿಥಿಯಂ, ಫೈಟಾಫ್ತೊರ, ರೈಜಕ್ಟೋನಿಯ ಎಂಬ ಜಾತಿಗಳು ಮುಖ್ಯವಾದುವು. ಮೊದಲಿನ ಎರಡು ನೀರನ್ನು ಆಶ್ರಯಿಸಿದವು. ಅವುಗಳ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ಆದುದರಿಂದಲೇ ತಗ್ಗಾದ ಪಾತಿ, ಒತ್ತೊತ್ತಾದ ಬಿತ್ತನೆ, ಸಂಜೆಯಲ್ಲಿ ಹೆಚ್ಚಾಗಿ ನೀರು ಕೊಡುವುದು, ಇವುಗಳಿಂದ ರೋಗವು ಬೇಗ ಹರಡುತ್ತದೆ. ರೋಗ ತಗಲಿದ ಸಸಿಯ ಬುಡವು ನೆಲದ ಮಟ್ಟದಲ್ಲಿ ನೀರು ತುಂಬಿದಂತಾಗಿ, ದಾರ ಬಿಗಿದಂತೆ ಸಣ್ಣಗಾಗಿ, ಸಸಿಯು ಮಗ್ಗುಲಾಗಿ ಬೀಳುತ್ತದೆ.

ಮದ್ದಿನ ಹಿನ್ನೆಲೆ

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ಮಿಲ್ಲಾರ್ಡೆ ಎಂಬ ಪಂಡಿತರು ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣವು ದ್ರಾಕ್ಷಿಯ ರೋಗವನ್ನು ತಡೆಯುವುದೆಂದು 1885ರಲ್ಲಿ ಪ್ರಕಟಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಪರಿಶೀಲಿಸಿ 1910ರಲ್ಲಿ ವಿವರವಾದ ಪುಸ್ತಿಕೆಯನ್ನು ಪ್ರಕಟಿಸಿದರು. ಅಡಿಕೆಯ ತೋಟಗಳಲ್ಲಿ ಬೋರ್ಡೋ ದ್ರಾವಣವು ಇಂದಿಗೂ ನಂಬಿಕೆಯ ಮದ್ದಾಗಿ ಉಳಿದಿದೆ. ಅಡಿಕೆಯ ಗೊನೆಗೆ ಸಿಂಪಡಿಸಿದ ದ್ರಾವಣವು ಗೊನೆಯ ಮೇಲೆ ಒಣಗಿ ಅಲ್ಲಿಯೇ ನಿಲ್ಲುತ್ತದೆ. ಆದರೆ ಒಟ್ಟಲಿಗೆ ಹೊಯ್ದ ಔಷಧವು ಮಣ್ಣನ್ನು ಹೊಕ್ಕು ಎಳೆಯ ಬೇರಿನೊಡನೆ ಹಗಲಿರುಳೂ ಕೂಡಿರುತ್ತದೆ. ಈ ಭೇದವನ್ನು ಎಲ್ಲಕ್ಕಿಂತ ಮೊದಲು ಮನಸ್ಸಿನಲ್ಲಿಡತಕ್ಕದ್ದು.

ಮಣ್ಣು ಔಷಧವನ್ನು ಹಂಚುವ ಬಗೆ

ಪಾತಿಗೆ ಹೊಯ್ದ ಔಷಧವೆಲ್ಲವೂ ಬೇರಿಗೆ ಸೇರುವುದಿಲ್ಲ. ಅದರಲ್ಲಿ ಒಂದು ಪಾಲು ಜೇಡಿಯ ಕಣಗಳಿಗೂ ಕೊಳೆತ ಗೊಬ್ಬರದ ಕಣಗಳಿಗೂ ಅಂಟಿಕೊಳ್ಳುತ್ತದೆ. ಮತ್ತೊಂದು ಪಾಲು ಮಣ್ಣಿನ ಸಂದುಗಳಲ್ಲಿರುವ ನೀರಿನಲ್ಲಿ ಕರಗಿರುತ್ತದೆ. ಬೇರು ಕುಡಿಯುವುದು ಈ ನೀರನ್ನು ಮಾತ್ರ. ಬೂಷ್ಟನ್ನು ಕೊಲ್ಲುವುದೂ ಬೇರನ್ನು ಸುಡುವುದೂ ಮುಖ್ಯವಾಗಿ ಈ ಎರಡನೆಯ ಪಾಲೇ.

ಮರಳು ಹೆಚ್ಚಾಗಿರುವ ಮಣ್ಣಿನಲ್ಲಿ ಔಷಧವನ್ನು ಹಿಡಿದಿಡತಕ್ಕ ಕಣಗಳು ಕಡಿಮೆ. ಆದುದರಿಂದ ಹೊಯ್ದದ್ದರಲ್ಲಿ ಹೆಚ್ಚು ಭಾಗವು ನೀರಿನಲ್ಲಿಯೇ ಉಳಿದು ಬೇರಿಗೆ ಒಮ್ಮೆಲೇ ತಗಲುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವಿರುವ ಮಣ್ಣಿನಲ್ಲಿ ಔಷಧವು ಕಣಗಳಿಗೆ ಅಂಟಿ, ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುಗಡೆಯಾಗುತ್ತದೆ. ಬೇರಿಗೆ ಪೆಟ್ಟು ಕಡಿಮೆ. ಆದರೆ ಗೊಬ್ಬರವು ಅತಿಯಾದಲ್ಲಿ ಔಷಧವೆಲ್ಲವೂ ಕಟ್ಟುಬಿದ್ದು ರೋಗವು ನಿಲ್ಲದೆ ಹೋಗಬಹುದು. ಒಬ್ಬನಿಗೆ ಔಷಧವು ವಿಷವಾಗಿಯೂ ಮತ್ತೊಬ್ಬನಿಗೆ ನೀರಿನಂತೆ ನಿಷ್ಪ್ರಯೋಜಕವಾಗಿಯೂ ಕಾಣುವುದಕ್ಕೆ ಇದೇ ಕಾರಣ.

ಸಾವನದುರ್ಗದಂತಹ ಕಗ್ಗಲ್ಲುಗಳು ಸವೆದು ಉಂಟಾದ ಮಾಗಡಿ ಸೀಮೆಯ ದಿಣ್ಣೆಯ ಕೆಮ್ಮಣ್ಣು ಬಹುಮಟ್ಟಿಗೆ ಮರಳುಮಿಶ್ರಿತವಾದದ್ದು. ಸಾವಯವಾಂಶವು ಅದರಲ್ಲಿ ಸ್ವಲ್ಪವೇ. ಕೆರೆಯ ಗೋಡಾದರೋ ಜಿಗುಟಾದದ್ದು. ಆದುದರಿಂದ ದಿಣ್ಣೆಯ ಮಣ್ಣಿನಲ್ಲಿ ಮಾಡಿದ ಪಾತಿಗೂ ಕೆರೆಗೋಡು ಬೆರಸಿದ ಪಾತಿಗೂ ಒಂದೇ ಅಳತೆಯ ಔಷಧವು ಒಂದೇ ಫಲವನ್ನು ಕೊಡುವುದಿಲ್ಲ.

ತಾಮ್ರದ ಔಷಧಗಳು

ಬೋರ್ಡೋ ದ್ರಾವಣ, ತಾಮ್ರದ ಆಕ್ಸಿಕ್ಲೋರೈಡ್ ಇವೆರಡೂ ತಾಮ್ರದ ಔಷಧಗಳು. ತಾಮ್ರವು ಪೈರಿಗೆ ಅತ್ಯಲ್ಪವಾಗಿ ಬೇಕು. ಮಿತಿ ಮೀರಿದರೆ ಬೇರಿಗೆ ವಿಷ. ಇದರ ವಿಷಯದಲ್ಲಿ ಮಣ್ಣಿನ ಎರಡು ಗುಣಗಳನ್ನು ಗಮನಿಸಬೇಕು.

ಮೊದಲನೆಯದು ಹುಳಿ. ಮಣ್ಣಿನ ರಸಸಾರವು 5.5ಕ್ಕಿಂತ ಕೆಳಗಿಳಿದಲ್ಲಿ ತಾಮ್ರವು ಹೆಚ್ಚಾಗಿ ಕರಗಿ ಬೇರಿಗೆ ಸೇರುತ್ತದೆ. ಅದೇ ಮಣ್ಣಿಗೆ ಸುಣ್ಣವನ್ನು ಹಾಕಿ ಹುಳಿಯನ್ನು ತಗ್ಗಿಸಿದರೆ ತಾಮ್ರದ ಉಪದ್ರವವೂ ತಗ್ಗುತ್ತದೆ. ಎರಡನೆಯದು ಸಂಚಯ. ಇತರ ಅನೇಕ ಔಷಧಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ಮುರಿದು ಕರಗಿಸುತ್ತವೆ. ತಾಮ್ರವು ಧಾತುವಾದುದರಿಂದ ಅದು ನಾಶವಾಗುವುದಿಲ್ಲ. ಹಾಕಿದ್ದೆಲ್ಲವೂ ಮೇಲ್ಮಣ್ಣಿನಲ್ಲಿಯೇ ಕೂಡುತ್ತ ಹೋಗುತ್ತದೆ.

ಇದನ್ನು ಲೆಕ್ಕದಿಂದ ತಿಳಿಯಬಹುದು. ತಾಮ್ರದ ಆಕ್ಸಿಕ್ಲೋರೈಡನ್ನು ಲೀಟರಿಗೆ 2.5 ಗ್ರಾಂ ಕರಗಿಸಿ, ಪಾತಿಯ ಒಂದು ಚದರ ಮೀಟರಿಗೆ 4 ಲೀಟರ್ ಹೊಯ್ದರೆ, 10 ಗ್ರಾಂ ಔಷಧ ಬಿದ್ದಂತಾಯಿತು. ಶೇಕಡ 50 ತಾಮ್ರವುಳ್ಳ ಪುಡಿಯಾದರೆ ಅದರಲ್ಲಿ 5 ಗ್ರಾಂ ತಾಮ್ರವಿರುತ್ತದೆ. 10 ಸೆಂಟಿಮೀಟರ್ ಆಳದವರೆಗಿನ ಮಣ್ಣು ಸುಮಾರು 140 ಕಿಲೋಗ್ರಾಂ ತೂಗುವುದೆಂದು ಇಟ್ಟುಕೊಂಡರೆ, ಕಿಲೋಗ್ರಾಂ ಮಣ್ಣಿಗೆ 36 ಮಿಲಿಗ್ರಾಂ ತಾಮ್ರವು ಒಂದೇ ಸಲಕ್ಕೆ ಸೇರಿತು. ಮೂರು ಸಲ ಹೊಯ್ದರೆ ಅದು 107 ಮಿಲಿಗ್ರಾಂ ಆಗುತ್ತದೆ. ತಾಮ್ರವು ಕೆಳಕ್ಕೆ ಹೆಚ್ಚು ಇಳಿಯದೆ ಮೇಲಿನ 5 ಸೆಂಟಿಮೀಟರಿನಲ್ಲಿಯೇ ನಿಂತರೆ, ಎಳೆಯ ಬೇರಿರುವ ಆ ಪದರದಲ್ಲಿ ಇದರ ಎರಡರಷ್ಟು. ಪ್ರತಿ ವರ್ಷವೂ ಅದೇ ಜಾಗದಲ್ಲಿ ಒಟ್ಟಲು ಹಾಕುವವರ ಪಾತಿಯಲ್ಲಿ ಎಷ್ಟು ತಾಮ್ರ ಸೇರಿರಬಹುದೆಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು. ಬಾವಿಯ ಹತ್ತಿರ ಅನುಕೂಲವೆಂದು ಒಂದೇ ಸ್ಥಳಕ್ಕೆ ಅಂಟಿಕೊಳ್ಳುವುದು ಈ ಕಾರಣದಿಂದ ಒಳ್ಳೆಯದಲ್ಲ.

ಬೋರ್ಡೋ ದ್ರಾವಣವನ್ನು ಮನೆಯಲ್ಲಿಯೇ ಮಾಡುವವರು 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋಗ್ರಾಂ ಹೊಸ ಹರಳು ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಗಾಳಿಗೆ ಬಿದ್ದ ಹಳೆಯ ಸುಣ್ಣವು ಸತ್ವಹೀನವಾಗಿರುವುದರಿಂದ ತಾಮ್ರವು ಪೂರ್ತಿ ಕಟ್ಟುಬೀಳದೆ ಉಳಿದು ಪೈರನ್ನು ಸುಡುತ್ತದೆ. ಇದನ್ನು ಪರೀಕ್ಷಿಸಲು, ಉಜ್ಜಿ ಹೊಳಪು ಮಾಡಿದ ಕುಡುಗೋಲಿನ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸತಕ್ಕದ್ದು. ಮಾಡಿದ ದಿನವೇ ದ್ರಾವಣವನ್ನು ಉಪಯೋಗಿಸಿಬಿಡಬೇಕು.

ಬೇರಿನ ಮೂಲಕ ಒಳಹೋಗುವ ಔಷಧಗಳು

ಈಚಿನ ಔಷಧಗಳಲ್ಲಿ ಕೆಲವು ಬೇರಿನಿಂದ ಹೀರಲ್ಪಟ್ಟು ಪೈರಿನ ಮೈಯೆಲ್ಲ ಸಂಚರಿಸುತ್ತವೆ. ಮೆಟಲಾಕ್ಸಿಲ್ ಎಂಬುದು ನೀರಿನಲ್ಲಿ ಸುಲಭವಾಗಿ ಕರಗುವಂಥದು; ಮಣ್ಣು ಅದನ್ನು ಬಿಗಿಯಾಗಿ ಹಿಡಿಯಲಾರದು. ಮರಳು ಪಾತಿಯಲ್ಲಿ ಅದು ಬೇಗನೆ ಬೇರಿಗೆ ತಗಲಿ, ಅಳತೆ ಮೀರಿದ್ದರೆ ಎಲೆಯ ಅಂಚನ್ನು ಸುಡುತ್ತದೆ. ಅಷ್ಟೇ ಬೇಗನೆ ನೀರಿನೊಡನೆ ಬಸಿದುಹೋಗಿ ರಕ್ಷಣೆಯೂ ತಪ್ಪುತ್ತದೆ.

ಪ್ರೊಪಿಕೊನಜಾಲ್, ಟೆಬುಕೊನಜಾಲ್ ಮೊದಲಾದ ಟ್ರಯಜಾಲ್ ಜಾತಿಯ ಔಷಧಗಳಲ್ಲಿ ಮತ್ತೊಂದು ಅಪಾಯವಿದೆ. ಮಾವಿನ ಮರದ ಬುಡಕ್ಕೆ ಹೊಯ್ದು ಚಿಗುರನ್ನು ತಡೆದು ಹೂ ಬಿಡಿಸುವ ಪ್ಯಾಕ್ಲೊಬ್ಯುಟ್ರಜಾಲ್ ಎಂಬುದು ರಾಮನಗರ, ಚನ್ನಪಟ್ಟಣ, ಮಾಗಡಿಯ ಮಾವು ಬೆಳೆಗಾರರಲ್ಲಿ ಅನೇಕರು ಬಲ್ಲ ವಸ್ತು. ಟ್ರಯಜಾಲ್ ರೋಗನಾಶಕಗಳು ಇದಕ್ಕೆ ದಾಯಾದಿಗಳು. ದೊಡ್ಡ ಮರದ ಬೆಳವಣಿಗೆಯನ್ನೇ ಹಿಡಿದು ನಿಲ್ಲಿಸುವ ವಸ್ತುವಿನ ಸಂಬಂಧಿಯು ನಾಲ್ಕೆಲೆಯ ಪೈರಿನ ಬೇರಿಗೆ ಬಿದ್ದರೆ ಏನಾಗುವುದೆಂಬುದನ್ನು ಹೇಳಬೇಕಾದುದಿಲ್ಲ. ಪೈರು ಸಾಯದಿದ್ದರೂ ಗಿಡ್ಡಾಗಿ, ಎಲೆ ಸಣ್ಣದಾಗಿ, ದಪ್ಪವಾಗಿ, ಕಡುಹಸುರಾಗಿ ವಾರಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಇವುಗಳನ್ನು ಒಟ್ಟಲಿನ ಮಣ್ಣಿಗೆ ಹೊಯ್ಯಲೇಬಾರದು. ಪರದೇಶಗಳ ಹೂಸಸಿ ಬೆಳೆಗಾರರು ಪೈನ್ ಮರದ ತೊಗಟೆ ಬೆರಸಿದ ಮಿಶ್ರಣದಲ್ಲಿ ಇಂತಹ ಬೆಳವಣಿಗೆ ತಡೆಯುವ ವಸ್ತುಗಳ ಪ್ರಭಾವ ಕುಗ್ಗುವುದನ್ನೂ, ತೊಗಟೆಯಿಲ್ಲದ ಮಿಶ್ರಣದಲ್ಲಿ ಅದೇ ಅಳತೆಯು ತೀವ್ರವಾಗಿ ತಗಲುವುದನ್ನೂ ಕಂಡಿದ್ದಾರೆ. ತೊಗಟೆಯ ಕಣಗಳು ಔಷಧವನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ.

ತೆಂಗಿನ ನಾರಿನ ಪುಡಿ ಮತ್ತು ಪ್ಲಾಸ್ಟಿಕ್ ತಟ್ಟೆಗಳು

ಕೋಕೋಪೀಟ್ ಎಂದು ಕರೆಯುವ ತೆಂಗಿನ ನಾರಿನ ಪುಡಿಯನ್ನು ಗುಳಿಗಳುಳ್ಳ ತಟ್ಟೆಗಳಲ್ಲಿ ತುಂಬಿ ಸಸಿ ಬೆಳೆಸುವ ಪದ್ಧತಿಯು ಈಗ ಬಹಳವಾಗಿ ಹಬ್ಬಿದೆ. ಇದರಿಂದ ಮಣ್ಣಿನ ರೋಗಗಳು ಕಡಿಮೆಯಾಗುವುದು ನಿಜ. ಆದರೆ ಮೂರು ಸಂಗತಿಗಳನ್ನು ಮರೆಯಬಾರದು.

ಒಂದನೆಯದಾಗಿ, ಹೊಸ ನಾರಿನ ಪುಡಿಯಲ್ಲಿ ಉಪ್ಪಿನ ಅಂಶವಿರುತ್ತದೆ. ಉಪ್ಪಿನಿಂದ ಆಗಲೇ ಬಳಲಿದ ಬೇರಿಗೆ ಔಷಧವೂ ಬಿದ್ದರೆ ಹಾನಿಯು ಇಮ್ಮಡಿಯಾಗುತ್ತದೆ. ಪುಡಿಯನ್ನು ಹಲವು ಸಲ ಒಳ್ಳೆಯ ನೀರಿನಲ್ಲಿ ತೊಳೆದು, ಬಸಿಯುವ ನೀರಿನ ಕಡುಬಣ್ಣ ತಿಳಿಯಾದ ಮೇಲೆ ತುಂಬತಕ್ಕದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹುದುಗು ಬರಿಸಿದ ನಾರಿನ ಪುಡಿಯನ್ನು ಅರ್ಕ ಎಂಬ ಹೆಸರಿನಿಂದ ರೂಢಿಗೆ ತಂದಿದ್ದಾರೆ. ಹಸಿಯ ಪುಡಿಗಿಂತ ಅದು ಮೇಲು.

ಎರಡನೆಯದಾಗಿ, ಗುಳಿಯಲ್ಲಿರುವ ಮಿಶ್ರಣವು ಒಂದು ಹಿಡಿಯೂ ಇಲ್ಲ. ನೆಲದ ಪಾತಿಯಲ್ಲಿ ಬೇರು ಔಷಧದಿಂದ ತಪ್ಪಿಸಿಕೊಂಡು ಕೆಳಕ್ಕಿಳಿಯಬಹುದು. ಗುಳಿಯಲ್ಲಿ ಆ ದಾರಿಯಿಲ್ಲ. ಪಾತಿಗೆಂದು ಹೇಳಿದ ಅಳತೆಯನ್ನು ತಟ್ಟೆಗೆ ಹಾಗೆಯೇ ಹೊಯ್ಯಬಾರದು. ಸಾಧಾರಣ ತಟ್ಟೆಯ ವಿಸ್ತಾರವು ಚದರ ಮೀಟರಿನ ಏಳನೆಯ ಒಂದು ಪಾಲಿನಷ್ಟು ಮಾತ್ರ. ಆಳವೂ ಅರ್ಧಕ್ಕಿಂತ ಕಡಿಮೆ. ಮಿಶ್ರಣವು ನೆನೆದು ತಳದ ರಂಧ್ರದಲ್ಲಿ ಹನಿ ಕಾಣಿಸಿದೊಡನೆ ನಿಲ್ಲಿಸತಕ್ಕದ್ದು.

ಮೂರನೆಯದಾಗಿ, ನಾರಿನ ಪುಡಿಯು ಬಹಳ ಕಾಲ ತೇವವನ್ನು ಹಿಡಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯಾಗಿರುತ್ತದೆ. ಮೇಲ್ನೋಟವನ್ನು ನಂಬಿ ಮತ್ತೆ ಮತ್ತೆ ಔಷಧದ ನೀರನ್ನು ಹೊಯ್ದರೆ ಬೇರಿಗೆ ಗಾಳಿಯಿಲ್ಲದೆ ಉಸಿರು ಕಟ್ಟುತ್ತದೆ, ಔಷಧವೂ ಕೂಡುತ್ತ ಹೋಗುತ್ತದೆ.

ರೋಗವೋ, ಔಷಧದ ಹಾನಿಯೋ?

ಇವೆರಡನ್ನು ಬೇರ್ಪಡಿಸದೆ ಮತ್ತಷ್ಟು ಔಷಧ ಹೊಯ್ಯುವುದೇ ರೈತರಿಗೆ ಅತಿ ಹೆಚ್ಚಿನ ನಷ್ಟವನ್ನು ತರುವ ತಪ್ಪು. ಗುರುತುಗಳು ಈ ಕೆಳಗಿನಂತಿವೆ.

ರೋಗವಾದರೆ ಅಲ್ಲಲ್ಲಿ ಬಿಲ್ಲೆಬಿಲ್ಲೆಯಾಗಿ ಆರಂಭವಾಗಿ ದಿನದಿನಕ್ಕೆ ಹರಡುತ್ತದೆ. ಬುಡವು ಕೊಳೆತು ಸಸಿಯು ಬೀಳುತ್ತದೆ. ಬೇರಿನ ಸಿಪ್ಪೆ ಎಳೆದರೆ ಕಳಚಿಬರುತ್ತದೆ.

ಔಷಧದ ಹಾನಿಯಾದರೆ ಹೊಯ್ದ ಜಾಗದಲ್ಲೆಲ್ಲ ಒಂದೇ ಸಮನಾಗಿ, ಹೊಯ್ದ ಕೆಲವೇ ದಿನಗಳಲ್ಲಿ ಕಾಣಿಸುತ್ತದೆ. ಸಸಿಯು ನಿಂತೇ ಇದ್ದು ಎಲೆಯ ಅಂಚು ಒಣಗುತ್ತದೆ ಅಥವಾ ಬೆಳವಣಿಗೆ ನಿಲ್ಲುತ್ತದೆ. ಔಷಧ ಬೀಳದ ಮೂಲೆಯಲ್ಲಿನ ಸಸಿಗಳು ಚೆನ್ನಾಗಿರುತ್ತವೆ.

ತಾಮ್ರವು ಮಿತಿಮೀರಿದರೆ ಎಳೆಯ ಎಲೆಗಳ ನರಗಳ ನಡುವೆ ಹಳದಿ ಬಣ್ಣವೂ, ಬೇರು ಮೊಂಡಾಗಿ ದಪ್ಪವಾಗಿ ಕವಲಿಲ್ಲದಿರುವುದೂ ಕಂಡುಬರುತ್ತವೆ.

ಪೂರ್ತಿ ಕಳಿಯದ ಗೊಬ್ಬರವನ್ನು ಬೆರಸಿದ ಪಾತಿಯಲ್ಲಿಯೂ ಬೇರು ಸುಡುವುದುಂಟು. ಅಲ್ಲಿ ಔಷಧ ಹೊಯ್ಯುವುದಕ್ಕೆ ಮೊದಲೇ ಸಸಿಯು ಸೊರಗಿರುತ್ತದೆ, ಮಣ್ಣನ್ನು ಮೂಸಿದರೆ ಘಾಟು ವಾಸನೆ ಬರುತ್ತದೆ. ಇದಕ್ಕೆ ಔಷಧವನ್ನು ದೂರುವುದು ನ್ಯಾಯವಲ್ಲ.

ಹಾನಿಯಾಗದಂತೆ ಮಾಡಬೇಕಾದ ಕ್ರಮ

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಪೂರ್ಣವಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಸೇರಿಸಿ ಪಾತಿಯನ್ನು ನೆಲದಿಂದ 15 ಸೆಂಟಿಮೀಟರ್ ಎತ್ತರಿಸಿ ಮಾಡಿರಿ. ಮಣ್ಣು ಮೊದಲೇ ಮರಳಾಗಿದ್ದರೆ ಮರಳನ್ನು ಬಿಟ್ಟು ಗೊಬ್ಬರವನ್ನು ಹೆಚ್ಚಿಸಿರಿ.

ಬೇಸಿಗೆಯಲ್ಲಿ ಪಾತಿಯನ್ನು ಒದ್ದೆಮಾಡಿ ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನಾಲ್ಕರಿಂದ ಆರು ವಾರ ಬಿಗಿಯಾಗಿ ಹೊದಿಸಿದರೆ ಬಿಸಿಲಿನ ಕಾವಿನಿಂದಲೇ ಬೂಷ್ಟು ಬಹುಪಾಲು ಸಾಯುತ್ತದೆ. ಹಾಳೆಯ ಬೆಲೆಯೊಂದನ್ನು ಬಿಟ್ಟರೆ ಇದಕ್ಕೆ ಖರ್ಚಿಲ್ಲ, ಪೈರಿಗೆ ಅಪಾಯವೂ ಇಲ್ಲ. ಟ್ರೈಕೋಡರ್ಮ ಎಂಬ ಉಪಕಾರಿ ಬೂಷ್ಟನ್ನು ಗೊಬ್ಬರದಲ್ಲಿ ಬೆಳೆಸಿ ಪಾತಿಗೆ ಬೆರಸುವುದೂ ಒಳ್ಳೆಯದು. ಆದರೆ ಅನೇಕ ರೋಗನಾಶಕಗಳು ಅದನ್ನೂ ಕೊಲ್ಲುವುವಾದ್ದರಿಂದ ಎರಡನ್ನೂ ಒಟ್ಟಿಗೆ ಉಪಯೋಗಿಸಕೂಡದು.

ಬೀಜವನ್ನು ಸಾಲಿನಲ್ಲಿ ತೆಳುವಾಗಿ ಬಿತ್ತಿ, ಬೆಳಗಿನಲ್ಲಿಯೇ ನೀರು ಕೊಡಿರಿ. ಇಷ್ಟರಿಂದಲೇ ಅನೇಕ ವೇಳೆ ಔಷಧದ ಅಗತ್ಯವು ತಪ್ಪುತ್ತದೆ.

ಔಷಧ ಹೊಯ್ಯಲೇಬೇಕಾದಾಗ ಒಣಗಿದ ಪಾತಿಗೆ ಹೊಯ್ಯಬಾರದು. ಬಾಯಾರಿದ ಬೇರು ಔಷಧದ ನೀರನ್ನು ಒಮ್ಮೆಲೇ ಹೀರುತ್ತದೆ, ಮಣ್ಣಿನಲ್ಲಿ ಅದನ್ನು ತೆಳುಮಾಡುವ ನೀರೂ ಇರುವುದಿಲ್ಲ. ಹಿಂದಿನ ದಿನ ನೀರು ಕೊಟ್ಟು, ಮರುದಿನ ಬಿಸಿಲೇರುವ ಮೊದಲು ಹೊಯ್ಯತಕ್ಕದ್ದು. ಡಬ್ಬಿಯ ಮೇಲೆ ಬರೆದ ಬೆಳೆಗೆ, ಬರೆದ ಅಳತೆಗೆ ಮೀರಕೂಡದು. ಎರಡು ಮೂರು ಔಷಧಗಳನ್ನು ಬೆರಸಕೂಡದು. ಕೈಗವಸು ಮತ್ತು ಮೂಗುಬಟ್ಟೆ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಮುಂಚಿತವಾದ ಪರೀಕ್ಷೆ. ನಿಮ್ಮ ಪಾತಿಯಲ್ಲಿಯೇ ಇಪ್ಪತ್ತು ಸಸಿಗಳಿಗೆ ಔಷಧದ ನೀರನ್ನೂ, ಪಕ್ಕದ ಇಪ್ಪತ್ತು ಸಸಿಗಳಿಗೆ ಬರಿಯ ನೀರನ್ನೂ ಅಷ್ಟೇ ಅಳತೆಯಲ್ಲಿ ಹೊಯ್ದು, ಕಡ್ಡಿ ನೆಟ್ಟು ಗುರುತುಮಾಡಿ ನೋಡಿರಿ. ಒಂದು ವಾರ ಕಾದು ಎರಡೂ ಕಡೆಯ ಒಂದೆರಡು ಸಸಿಗಳನ್ನು ಕಿತ್ತು ಬೇರನ್ನು ತೊಳೆದು ಹೋಲಿಸಿರಿ. ರೋಗವು ಬಂದ ಮೇಲೆ ವಾರ ಕಾಯಲಾಗದು. ಆದುದರಿಂದ ಹೊಸ ಮಣ್ಣನ್ನಾಗಲಿ ಹೊಸ ಔಷಧವನ್ನಾಗಲಿ ತಂದಾಗ, ರೋಗವಿಲ್ಲದಿರುವಾಗಲೇ ಈ ಪರೀಕ್ಷೆಯನ್ನು ಮುಗಿಸಿಟ್ಟುಕೊಳ್ಳುವುದು ಜಾಣತನ. ಹಳೆಯ ಪಾತಿಯಲ್ಲಿ ತಾಮ್ರವು ಸೇರಿದೆಯೆಂಬ ಸಂಶಯವಿದ್ದರೆ ಆ ಮಣ್ಣನ್ನೂ ಹೊಸ ಮಣ್ಣನ್ನೂ ಬೇರೆ ಬೇರೆ ಕುಂಡಗಳಲ್ಲಿ ತುಂಬಿ, ಅದೇ ಬೀಜವನ್ನು ಬಿತ್ತಿ, ಬೇರನ್ನು ಹೋಲಿಸಬಹುದು.

ಹಾನಿಯಾದ ಮೇಲೆ ಉಪಾಯ

ಮೊದಲು ಔಷಧವನ್ನು ನಿಲ್ಲಿಸಿರಿ. ನೀರು ಚೆನ್ನಾಗಿ ಬಸಿಯುವ ಪಾತಿಯಾದರೆ ಒಂದೆರಡು ಸಲ ಧಾರಾಳವಾಗಿ ಒಳ್ಳೆಯ ನೀರನ್ನು ಹಾಯಿಸಿದರೆ, ಕರಗುವ ಔಷಧಗಳು ಕೆಳಕ್ಕೆ ಇಳಿದುಹೋಗುತ್ತವೆ. ನೀರು ನಿಲ್ಲುವ ಪಾತಿಯಲ್ಲಿ ಇದನ್ನು ಮಾಡಿದರೆ ರೋಗವೇ ಹೆಚ್ಚುತ್ತದೆ. ತಾಮ್ರವು ನೀರಿಗೆ ಇಳಿದುಹೋಗುವುದಿಲ್ಲ. ಅಲ್ಲಿ ಕಳಿತ ಗೊಬ್ಬರವನ್ನು ಸೇರಿಸುವುದೂ, ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕುವುದೂ, ಮುಂದಿನ ಸಲ ಜಾಗವನ್ನು ಬದಲಾಯಿಸುವುದೂ ಮಾರ್ಗ. ಪೈರಿಗೆ ಕೆಲವು ದಿನ ಚಪ್ಪರದ ನೆರಳು ಕೊಡಿರಿ. ಹೊಸ ಬಿಳಿಯ ಬೇರು ಹೊರಟರೆ ಪೈರು ಉಳಿಯುತ್ತದೆ. ಇಲ್ಲವಾದರೆ ಕಾಲಹರಣ ಮಾಡದೆ ಬೇರೆ ಪಾತಿಯಲ್ಲಿ ಮತ್ತೆ ಬಿತ್ತುವುದೇ ಲೇಸು.

ಗ್ರಾಮದ ಹಿರಿಯರಿಗೆ ವಿಜ್ಞಾಪನೆ

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರವು ಕಲ್ಯದ ಬಳಿಯ ಚಂದುರಾಯನಹಳ್ಳಿಯಲ್ಲಿಯೇ ಇದೆ. ದೂರದ ಊರಿನವರು ಬಂದು ಸಲಹೆ ಪಡೆಯುವ ಸ್ಥಳವು ನಮ್ಮ ಬಾಗಿಲಲ್ಲಿರುವಾಗ ನಾವು ಅದನ್ನು ಉಪಯೋಗಿಸಿಕೊಳ್ಳದಿರುವುದು ಸರಿಯಲ್ಲ. ಒಟ್ಟಲು ಕೆಟ್ಟಾಗ ಬೇರು ಸಹಿತ ಕೆಲವು ಸಸಿಗಳು, ಪಾತಿಯ ಒಂದು ಹಿಡಿ ಮಣ್ಣು, ಔಷಧದ ಡಬ್ಬಿ, ಈ ಮೂರನ್ನೂ ಒಯ್ದು ತೋರಿಸತಕ್ಕದ್ದು. ಬರಿಯ ಎಲೆಯನ್ನು ಒಯ್ದರೆ ಪ್ರಯೋಜನ ಸಾಲದು. ಯಾವ ದಿನ, ಯಾವ ಔಷಧ, ಎಷ್ಟು ಅಳತೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಹಿರಿಯರು ತಾವು ಆರಂಭಿಸಿ ಇತರರಿಗೆ ಮೇಲ್ಪಂಕ್ತಿಯಾಗಬೇಕು. ಗ್ರಾಮಕ್ಕೆ ಒಬ್ಬರಾದರೂ ಮೇಲೆ ಹೇಳಿದ ಇಪ್ಪತ್ತು ಸಸಿಯ ಪರೀಕ್ಷೆಯನ್ನು ಮಾಡಿ ನೆರೆಯವರಿಗೆ ತೋರಿಸಿದರೆ, ಅದರಿಂದ ಉಳಿಯುವ ಪೈರು ಅವರೊಬ್ಬರದು ಮಾತ್ರವಾಗಿರುವುದಿಲ್ಲ.

ಸಾರಾಂಶ

1. ಔಷಧದ ಗುಣವು ಡಬ್ಬಿಯಲ್ಲಿ ಅರ್ಧ, ಮಣ್ಣಿನಲ್ಲಿ ಅರ್ಧ.
2. ಮರಳು ಪಾತಿಯಲ್ಲಿಯೂ ಹುಳಿಮಣ್ಣಿನಲ್ಲಿಯೂ ಎಚ್ಚರವು ಹೆಚ್ಚಾಗಿರಬೇಕು.
3. ತಾಮ್ರವು ಮಣ್ಣಿನಲ್ಲಿ ಕೂಡುತ್ತದೆ. ಒಟ್ಟಲಿನ ಜಾಗವನ್ನು ಬದಲಾಯಿಸುತ್ತಿರಿ.
4. ತಟ್ಟೆಯ ಗುಳಿಗಳಿಗೆ ಪಾತಿಯ ಅಳತೆ ಸಲ್ಲದು. ನಾರಿನ ಪುಡಿಯನ್ನು ತೊಳೆದು ತುಂಬಿರಿ.
5. ಒಣಗಿದ ಪಾತಿಗೂ ಬಿಸಿಲಿನಲ್ಲಿಯೂ ಔಷಧ ಹೊಯ್ಯಬೇಡಿ.
6. ಮೊದಲು ಇಪ್ಪತ್ತು ಸಸಿಗೆ, ಆಮೇಲೆ ಇಡೀ ಪಾತಿಗೆ.